ನೀನು ಓದಿದ ಸಾಲು, ನೀನು ದಾಟಿದ ಸಾಲು

ಸಾಗರ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕೊಳೆರೋಗಕ್ಕೆ ಅಡಿಕೆ ಉದುರಿದ್ದು, ನಿನ್ನತ್ತೆಯ ಮಂಡಿನೋವು, ಪಾಲಿನ ಪತ್ರದ ಗಲಾಟೆ ಎಲ್ಲ ಫೋನಿನಲ್ಲಿ ಕೇಳಿದ್ದೀಯ. ಅಕ್ಕನ ಕೊನೆಯ ವರ್ಷಗಳ ಕಥೆ ನಿನಗೂ ನನಗೂ ಬಾಯಿಪಾಠ, ಅದನ್ನು ಮತ್ತೆ ಎತ್ತುವುದಿಲ್ಲ. ಎತ್ತಬಾರದು ಅಂದುಕೊಂಡೇ ಬರೆಯಲು ಕೂತಿದ್ದೇನೆ, ಬರೆಯುತ್ತಾ ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ.

ನಿನ್ನ ಇ-ಮೇಲನ್ನು ಪಕ್ಕದ ಮನೆ ಹುಡುಗ ಪ್ರಿಂಟ್ ಹಾಕಿಸಿ ತಂದುಕೊಟ್ಟ. ಹೊಸ ಮನೆ, ಹೊಸ ಆಫೀಸು, ಮಗನ ಸ್ಕೂಲು, ಎಲ್ಲ ಸಂತೋಷದ ಸುದ್ದಿಯೇ. ನಡುವೆ ಒಂದು ಕಡೆ ಬರೆದಿದ್ದೀಯ: "ಕಂಪನಿ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.2 ಬಂತು. ಅಮ್ಮನ ದಾರಿ ನನಗೂ ಶುರುವಾಯಿತು ಮಾವ. ಇನ್ನು ಯಾವ ಟೆಸ್ಟೂ ಮಾಡಿಸಲ್ಲ. ಗೊತ್ತಾಗಿ ಏನಾಗಬೇಕು?" ಸಕ್ಕರೆ ಕಾಯಿಲೆ ನೋಡುವ ಆ ರಕ್ತಪರೀಕ್ಷೆಯ ಬಗ್ಗೆ ಅಷ್ಟು ಬರೆದು ಮತ್ತೆ ಸ್ಕೂಲ್ ಬಸ್ಸಿನ ಫೀಸಿಗೆ ಹೋಗಿಬಿಟ್ಟಿದ್ದೀಯ. ನಾನು ಹೋಗಲಿಲ್ಲ. ಅಲ್ಲೇ ನಿಂತೆ. ನಿನ್ನತ್ತೆ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲವಂತೆ, ಆಮೇಲೆ ಬೈಸಿಕೊಂಡೆ.

"ಗೊತ್ತಾಗಿ ಏನಾಗಬೇಕು" ಅನ್ನುವ ಮಾತು ನನಗೆ ಹೊಸದಲ್ಲ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನ ಕಿಟಕಿಯ ಒಳಗೆ ಕೂತು ಜೀವಮಾನ ಕಳೆದವನು ನಾನು. ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ಚೀಟಿ ತೆಗೆದುಕೊಳ್ಳದೆ ಊರಿಗೆ ಹೋದವರು ಎಷ್ಟೋ ಜನ. ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದರು. ಬಸ್ಸು ನಾಲ್ಕು ಗಂಟೆಗೂ ಇತ್ತು. ಚೀಟಿಗಳು ಮೊಳೆಗೆ ಚುಚ್ಚಿದಲ್ಲೇ ಹಳದಿಯಾಗುತ್ತಿದ್ದವು. ಅವರನ್ನು ದಡ್ಡರು ಅಂತ ನಾನು ಯಾವತ್ತೂ ಅಂದುಕೊಳ್ಳಲಿಲ್ಲ. ಈಗ ಇಂಜಿನಿಯರಿಂಗ್ ಓದಿದ ನೀನೂ ಅದನ್ನೇ ಹೇಳುತ್ತಿದ್ದೀಯ. ಹೆದರಿಕೆಗೆ ಓದು ಬರಹ ಇಲ್ಲ.

ಒಂದು ಒಳ್ಳೆಯ ಕೆಲಸ ಮಾಡಿದ್ದೀಯ, ರಿಪೋರ್ಟಿನ ಫೋಟೋ ಹಾಕಿದ್ದೀಯ. ಅದನ್ನು ಭೂತಗನ್ನಡಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದೆ, ರೂಢಿ ಬಿಡಲಿಲ್ಲ. ನೀನು ಓದಿದ್ದು ಒಂದು ಸಾಲು. ನನ್ನ ಕಣ್ಣು ಹೋಗಿ ನಿಂತದ್ದು ಬೇರೆ ಸಾಲಿನ ಮೇಲೆ. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ 6.2.

ಎಚ್‌ಬಿಎ1ಸಿ 5.7ರ ಕೆಳಗಿದ್ದರೆ ಚಿಂತೆಯಿಲ್ಲ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವಿನದು ನಮ್ಮ ಜನ ಹೇಳುವ 'ಬಾರ್ಡರ್'. ನೀನು ಬಾರ್ಡರ್‌ನಲ್ಲಿದ್ದೀಯ ಅಂತ ಆ ಕಾಗದ ಹೇಳುತ್ತದೆ. 6.5 ಬಂದರೂ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇಂಥ ಲಕ್ಷಣ ಏನೂ ಇಲ್ಲದವರಿಗೆ ಒಂದೇ ಸಲದ ನಂಬರ್ ನೋಡಿ ಕಾಯಿಲೆ ಅಂತ ಬರೆಯುವುದಿಲ್ಲ, ಇನ್ನೊಂದು ಪರೀಕ್ಷೆಯಲ್ಲೂ ಅದೇ ಬರಬೇಕು. ನಿನ್ನ ಖಾಲಿ ಹೊಟ್ಟೆಯ ಸಕ್ಕರೆ ಎಷ್ಟು ಗೊತ್ತೇ? 94. ಅದೇ ಪುಟದಲ್ಲಿದೆ, ನಿನಗೆ ಕಂಡಿಲ್ಲ. ನೂರರ ಕೆಳಗಿದ್ದರೆ ಅದು ಸರಿಯಾದದ್ದು. 100ರಿಂದ 125 ಬಾರ್ಡರ್, 126 ಮುಟ್ಟಿದರೆ ಕಾಯಿಲೆ. ಅಂದರೆ ಒಂದೇ ದಿನ ಒಂದೇ ತೋಳಿನಿಂದ ತೆಗೆದ ರಕ್ತದಲ್ಲಿ ಒಂದು ಪರೀಕ್ಷೆ ಬಾರ್ಡರ್ ಅನ್ನುತ್ತಿದೆ, ಇನ್ನೊಂದು ಏನೂ ಇಲ್ಲ ಅನ್ನುತ್ತಿದೆ. ಹೀಗಾದಾಗ ಲ್ಯಾಬಿನವನು ಮೊದಲು ಕೇಳಬೇಕಾದ್ದು, ಯಾಕೆ ಎರಡಕ್ಕೂ ಹೊಂದಾಣಿಕೆ ಆಗಲಿಲ್ಲ ಅಂತ.

ಈಗ ಆ ಇನ್ನೊಂದು ಸಾಲು. ಹಿಮೋಗ್ಲೋಬಿನ್ 9.4. ಅದರ ಕೆಳಗೆ ಎಂಸಿವಿ 70. ಎರಡೂ ದಪ್ಪ ಅಕ್ಷರದಲ್ಲಿವೆ. ನೀನು ಅದರ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ.

ಹಿಮೋಗ್ಲೋಬಿನ್ ಗರ್ಭಿಣಿಯಲ್ಲದ ಹೆಂಗಸಿಗೆ ಕಡಿಮೆಯೆಂದರೂ 12 ಇರಬೇಕು. ಎಂಸಿವಿ ಅಂದರೆ ಒಂದೊಂದು ಕೆಂಪು ರಕ್ತಕಣದ ಗಾತ್ರ, ಅದು 80ರಿಂದ 100ರೊಳಗೆ ಇರಬೇಕು. ನಿನ್ನವು ಚಿಕ್ಕವಾಗಿವೆ. ಕಣ ಚಿಕ್ಕದು, ರಕ್ತ ಕಮ್ಮಿ ಅಂದರೆ ನೂರಕ್ಕೆ ಬಹುಪಾಲು ಕಬ್ಬಿಣದ ಕೊರತೆ. ಕಬ್ಬಿಣ ಕಮ್ಮಿ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ, ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ರಕ್ತದಲ್ಲಿ ಓಡಾಡುವ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಆ ಕಣ ಸಾಯುವ ತನಕ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಆ ಪರೀಕ್ಷೆಗೆ ಮೂರು ತಿಂಗಳ ಸರಾಸರಿ ಅನ್ನುವುದು. ಕಬ್ಬಿಣ ಸಿಗದಿದ್ದರೆ ಹೊಸ ಕಣಗಳು ಹುಟ್ಟುವುದು ನಿಧಾನ, ಹಳೆಯವೇ ಹೆಚ್ಚು ಉಳಿಯುತ್ತವೆ, ಹಳೆಯದಕ್ಕೆ ಸಕ್ಕರೆ ಅಂಟಲು ಹೆಚ್ಚು ಕಾಲ ಸಿಕ್ಕಿರುತ್ತದೆ. ಕಾರಣ ಇದೊಂದೇ ಅಂತ ಹೇಳಲಾರೆ. ಆದರೆ ನಂಬರ್ ಮೇಲೆ ಹೋಗುವುದು ನಿಜ. ನಿನ್ನ ತೋಳಿನಿಂದ ರಕ್ತ ಎಳೆದ ಹುಡುಗಿ ನೇರಳೆ ಮುಚ್ಚಳದ ಒಂದು ಟ್ಯೂಬು, ಬೂದು ಮುಚ್ಚಳದ ಒಂದು ಟ್ಯೂಬು ತುಂಬಿರುತ್ತಾಳೆ. ಬೂದು ಮುಚ್ಚಳದ್ದು ಸಕ್ಕರೆ ನೋಡಲು. ನೇರಳೆಯದರಲ್ಲೇ ಹಿಮೋಗ್ಲೋಬಿನ್ನೂ ಎಚ್‌ಬಿಎ1ಸಿಯೂ ನೋಡುವುದು. ನೀನು ನಂಬಿದ ಸಾಲೂ ನೀನು ದಾಟಿದ ಸಾಲೂ ಒಂದೇ ಟ್ಯೂಬಿನಿಂದ ಬಂದವು.

ಹಾಗಂತ ನಿನಗೆ ಸಕ್ಕರೆಯ ಭಯವೇ ಇಲ್ಲ ಅಂತ ಬರೆದುಕೊಡುವಷ್ಟು ಧೈರ್ಯ ನನಗಿಲ್ಲ. ಅಮ್ಮನಿಗೆ ಇತ್ತು, ನೀನು ಎಚ್ಚರದಲ್ಲಿರಬೇಕಾದವಳೇ. 6.2 ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ, ಪೂರ್ತಿ ನಿಜವೂ ಆಗಿರಲಿಕ್ಕಿಲ್ಲ. ಅದನ್ನು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು. ನೀನು ಬೇಡ ಅಂತ ಹಟ ಹಿಡಿದಿರುವುದು ಅದನ್ನೇ.

ಹಿಮೋಗ್ಲೋಬಿನ್ ಅಂದಾಗ ನನ್ನ ಕೈ ಇನ್ನೂ ಗಾಜಿನ ಪಿಪೆಟ್ ಹುಡುಕುತ್ತದೆ. ನಾನು ಕೆಲಸಕ್ಕೆ ಸೇರಿದ 1978ರಲ್ಲಿ ಮಷೀನು ಎಲ್ಲಿತ್ತು? ಸಾಹ್ಲಿ ಅಂತ ಒಂದು ಪುಟ್ಟ ಪೆಟ್ಟಿಗೆ. ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು, ಬೆರಳು ಚುಚ್ಚಿ, 20ರ ಗುರುತಿನವರೆಗೆ ರಕ್ತವನ್ನು ಬಾಯಲ್ಲಿ ಎಳೆದು (ಹೌದು, ಬಾಯಲ್ಲೇ, ಈಗಿನವರು ಕೇಳಿದರೆ ಹೌಹಾರುತ್ತಾರೆ) ಅದರೊಳಗೆ ಊದಬೇಕು. ಹತ್ತು ನಿಮಿಷ ಬಿಟ್ಟರೆ ಕೆಂಪು ಹೋಗಿ ಕಂದು ಬರುತ್ತದೆ. ಆಮೇಲೆ ಹನಿ ಹನಿ ಡಿಸ್ಟಿಲ್ಡ್ ವಾಟರ್ ಹಾಕುತ್ತಾ, ಗಾಜಿನ ಕಡ್ಡಿಯಲ್ಲಿ ಕಲಕುತ್ತಾ, ಪೆಟ್ಟಿಗೆಯ ಎರಡೂ ಪಕ್ಕದ ಕಂದು ಗಾಜಿಗೆ ಬಣ್ಣ ಸರಿಹೋಗುವವರೆಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಒಂದು ಹನಿ ಹೆಚ್ಚಾದರೆ ಮತ್ತೆ ಮೊದಲಿನಿಂದ. ಮಳೆಗಾಲದ ಮಧ್ಯಾಹ್ನ ಮೋಡ ಕವಿದರೆ ಬಣ್ಣವೇ ತಿಳಿಯುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರಿಗಾಲಲ್ಲಿ ಹೋಗುವ ಹೆಂಗಸರು ಬರುತ್ತಿದ್ದರು, ಕೊಕ್ಕೆಹುಳ ಹೊಟ್ಟೆಯಲ್ಲಿ ಕೂತು ರಕ್ತ ಹೀರಿ ಐದು, ಆರಕ್ಕೆ ಇಳಿದಿರುತ್ತಿತ್ತು. ನಾಲ್ಕೇ ಹನಿ ನೀರಿಗೆ ಬಣ್ಣ ಸರಿಹೋಗಿಬಿಡುತ್ತಿತ್ತು. ಅವರು ನಡೆದುಕೊಂಡೇ ಬಂದಿರುತ್ತಿದ್ದರು. ಏನಮ್ಮಾ ತೊಂದರೆ ಅಂದರೆ, ಏನಿಲ್ಲ, ಸ್ವಲ್ಪ ಸುಸ್ತು.

ನೀನೂ ಅದನ್ನೇ ಬರೆದಿದ್ದೀಯ, ಬೇರೆ ಬೇರೆ ಕಡೆ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಏದುಸಿರು, ವಯಸ್ಸಾಯಿತು ಅಂತ ನಗು. ಕೂದಲು ಉದುರುವುದಕ್ಕೆ ಬೆಂಗಳೂರಿನ ನೀರಿನ ಮೇಲೆ ದೂರು. ಕೊನೆಗೆ, ಅಡುಗೆಮನೆಗೆ ಹೋದಾಗೆಲ್ಲ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಹಳೇ ಚಟ ಮತ್ತೆ ಶುರುವಾಗಿದೆ, ಮಗ ಅಣಕಿಸುತ್ತಾನೆ ಅಂತ. ಆ ಅಕ್ಕಿಯ ಮಾತು ಓದಿ ನಾನು ನಗಲಿಲ್ಲ. ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು, ಮಂಜುಗಡ್ಡೆ, ಇಂಥವುಗಳ ಮೇಲೆ ಆಸೆಯಾದರೆ ದೇಹದಲ್ಲಿ ಕಬ್ಬಿಣ ಇಲ್ಲ ಅಂತ ಅನುಮಾನ ಪಡಬೇಕು. ಬಸುರಿಯರ ಬಯಕೆ ಅಂತ ನಮ್ಮವರು ತಮಾಷೆ ಮಾಡಿ ಬಿಟ್ಟುಬಿಡುವುದು ಎಷ್ಟೋ ಸಲ ಇದೇ ಆಗಿರುತ್ತದೆ. ಉಗುರು ನೋಡಿಕೋ. ತೆಳ್ಳಗಾಗಿ ಸೀಳುತ್ತಿದೆಯಾ, ನಡುವೆ ತಗ್ಗು ಬಿದ್ದಿದೆಯಾ?

ಇನ್ನೊಂದು ಕೇಳಬೇಕು, ಮಾವನಾಗಿ ಕೇಳಲು ಸಂಕೋಚ. ಲ್ಯಾಬಿನವನು ಕೇಳುತ್ತಿದ್ದಾನೆ ಅಂತ ತಿಳಿದುಕೋ. ಉತ್ತರ ನನಗೆ ಬೇಡ, ಅತ್ತೆಗೆ ಫೋನ್ ಮಾಡು, ಇಲ್ಲವೇ ನೇರ ಡಾಕ್ಟರಿಗೆ ಹೇಳು. ತಿಂಗಳ ರಕ್ತಸ್ರಾವ ಏಳು ದಿನ ದಾಟುತ್ತದೆಯೇ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾಗುತ್ತದೆಯೇ, ಗಟ್ಟಿ ಗಟ್ಟಿ ಹೋಗುತ್ತದೆಯೇ? ನಿನ್ನ ವಯಸ್ಸಿನವರಲ್ಲಿ ಕಬ್ಬಿಣ ಸೋರಿಹೋಗುವ ದೊಡ್ಡ ದಾರಿ ಅದೇ. ಹೌದು ಅನ್ನುವುದಾದರೆ ಥೈರಾಯ್ಡ್ ನೋಡಲು ಟಿಎಸ್‌ಎಚ್, ಗರ್ಭಕೋಶ ನೋಡಲು ಒಂದು ಸ್ಕ್ಯಾನ್ ಬರೆಯುತ್ತಾರೆ. ಸ್ಕ್ಯಾನ್‌ನಲ್ಲಿ ಫೈಬ್ರಾಯ್ಡ್ ಅಂತ ಬಂದರೆ ಗಡ್ಡೆ ಅನ್ನುವ ಶಬ್ದಕ್ಕೆ ಮತ್ತೆ ಎದೆ ಒಡೆದುಕೊಳ್ಳಬೇಡ, ಅವು ಕ್ಯಾನ್ಸರ್ ಆಗುವುದು ಬಹಳ ಅಪರೂಪ. ನೋಡು, ಹೆದರಿಸಬಾರದು ಅಂತ ಬರೆಯಲು ಕೂತು ಇನ್ನೆರಡು ಹೆದರಿಕೆ ಸೇರಿಸಿದೆನೋ ಏನೋ.

ಹೆಂಗಸರ ರಕ್ತಹೀನತೆ ನಮ್ಮಲ್ಲಿ ಯಾರಿಗೂ ಕಾಯಿಲೆ ಅನ್ನಿಸುವುದೇ ಇಲ್ಲ ಪುಟ್ಟಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ಅದಿತ್ತು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದ್ದದ್ದು ಸಹಜ ಅನ್ನಿಸಿಬಿಡುತ್ತದೆ. ಸಕ್ಕರೆಗೆ ಹೆಸರಿದೆ, ಕಥೆಯಿದೆ, ಮನೆಯಲ್ಲಿ ಒಂದು ಸಾವಿದೆ. ರಕ್ತ ಕಮ್ಮಿ ಅನ್ನುವುದಕ್ಕೆ ಏನೂ ಇಲ್ಲ. ನಿನ್ನ ಕಣ್ಣು 9.4ನ್ನು ದಾಟಿ 6.2ಕ್ಕೆ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮತ್ತೆ ಆ ಮಾತಿಗೇ ಬಂದೆ. ಅಮ್ಮನ ದಾರಿ.

ಅಕ್ಕನ ಸಕ್ಕರೆ ಮೊದಲು ಗೊತ್ತಾದದ್ದು ನನ್ನ ಟೇಬಲ್ ಮೇಲೆ, 1989ರಲ್ಲಿ. ಅದು ನಿನಗೆ ಗೊತ್ತು. ಹೇಗೆ ಗೊತ್ತಾಯಿತು ಅನ್ನುವುದು ಗೊತ್ತಿರಲಿಕ್ಕಿಲ್ಲ. ಬೆನೆಡಿಕ್ಟ್ ಅಂತ ನೀಲಿ ದ್ರಾವಣ. ಐದು ಎಂ.ಎಲ್. ನೀಲಿಗೆ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಇರುತ್ತದೆ, ಇದ್ದರೆ ಹಸಿರು, ಹಳದಿ, ಕಿತ್ತಳೆ, ತೀರಾ ಹೆಚ್ಚಿದ್ದರೆ ಇಟ್ಟಿಗೆ ಕೆಂಪು. ಅಕ್ಕನದು ನೀಲಿಯಿಂದ ಹಸಿರಿನಲ್ಲಿ ನಿಲ್ಲಲೇ ಇಲ್ಲ. ನಾನು ಕೊಳವೆಯನ್ನು ಇಕ್ಕುಳದಲ್ಲಿ ಹಿಡಿದುಕೊಂಡಿದ್ದೆ, ಅವಳು ಬಾಗಿಲ ಹತ್ತಿರ ನಿಂತು "ಚಂದ ಬಣ್ಣ ಕಣೋ" ಅಂದಳು. ಬಣ್ಣದ ಅರ್ಥ ಅವಳಿಗೆ ತಿಳಿದಿರಲಿಲ್ಲ.

ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಸೋರುತ್ತದೆ. ಅದರ ಕೆಳಗೆ ಎಷ್ಟು ವರ್ಷ ಇದ್ದರೂ ನಮ್ಮ ನೀಲಿ ನೀರು ನೀಲಿಯಾಗಿಯೇ ಇರುತ್ತಿತ್ತು. ನಿನ್ನ ರಿಪೋರ್ಟಿನಲ್ಲಿರುವ ಈ ಪರೀಕ್ಷೆಯ ಮೂಲ 1960ರ ದಶಕದ ಕೊನೆಯದು. ಟೆಹ್ರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಅನ್ನುವವರು ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್‌ನಲ್ಲಿ ಏನೋ ಬೇರೆಯಿದೆ ಅಂತ ಕಂಡದ್ದು. ಅದರಿಂದ ಕಾಯಿಲೆಯನ್ನು ನಿರ್ಧರಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2011ರಲ್ಲಿ. ಅಕ್ಕನ ಕಾಲಕ್ಕೆ ಮಲೆನಾಡಿನ ಒಂದು ತಾಲ್ಲೂಕಿನ ಲ್ಯಾಬಿನಲ್ಲಿ ಅದರ ಹೆಸರೂ ಇರಲಿಲ್ಲ.

ನಾನು ಎರಡು ದಿನದಿಂದ ಯೋಚಿಸುತ್ತಿರುವುದು ಇದನ್ನೇ. ಅಮ್ಮನ ದಾರಿ ಶುರುವಾಯಿತು ಅಂತ ನೀನು ಬರೆದಿದ್ದೀಯ. ನೀನು ಈಗ ನಿಂತಿರುವ ಜಾಗದಲ್ಲಿ ನಿನ್ನಮ್ಮ ನಿಂತಾಗ ಅವಳ ಕೈಯಲ್ಲಿ ಕಾಗದ ಇರಲಿಲ್ಲ. ಮೂವತ್ತರ ಆಸುಪಾಸಿನಲ್ಲಿ ಅವಳೂ ಬಾರ್ಡರ್‌ನಲ್ಲಿ ಇದ್ದಿರಬೇಕು, ಯಾರಿಗೆ ಗೊತ್ತು? ಗೊತ್ತಾಗುವ ಹೊತ್ತಿಗೆ ಇಟ್ಟಿಗೆ ಕೆಂಪು. ಗೊತ್ತಾಗಿ ಏನಾಗಬೇಕು ಅಂದೆಯಲ್ಲ, ಅವಳಿಗೆ ಗೊತ್ತಾಗದೆ ಏನಾಯಿತು ಅಂತ ನಾನು ನಿನಗೆ ಹೇಳಬೇಕಿಲ್ಲ.

ಇದಕ್ಕಿಂತ ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕೊರೆಯುತ್ತದೆ. ನೀನು ಹೆದರಿರುವುದು ಕಾಯಿಲೆಗೋ, ಕಾಯಿಲೆಯವಳು ಅನ್ನಿಸಿಕೊಳ್ಳುವುದಕ್ಕೋ? ಅಕ್ಕನಿಗೆ ಸಕ್ಕರೆ ಅಂತಾದ ದಿನದಿಂದ ನಾವೆಲ್ಲ ಪೊಲೀಸರಾದೆವು. ಅನ್ನಕ್ಕೆ ಕಣ್ಣು, ಬಾಳೆಹಣ್ಣಿಗೆ ಕಣ್ಣು. ಮದುವೆಮನೆಯಲ್ಲಿ ಅವಳ ಎಲೆಗೆ ಹೋಳಿಗೆ ಬೀಳುವ ಮೊದಲೇ "ಅವರಿಗೆ ಬೇಡ, ಶುಗರ್ ಇದೆ" ಅಂತ ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗುವವರು. ನೀನಾಗ ಲಂಗ ಹಾಕಿಕೊಂಡು ಪಕ್ಕದಲ್ಲೇ ಊಟಕ್ಕೆ ಕೂತಿರುತ್ತಿದ್ದೆ, ನೋಡಿದ್ದೀಯ. ಆಮೇಲೆ ಅವಳು ಉಗ್ರಾಣದಲ್ಲಿ ಕದ್ದು ತಿನ್ನತೊಡಗಿದಳು, ಅದಕ್ಕೂ ಬೈಗುಳ. ಯಾರೂ ಅವಳ ಜೊತೆ ಕೂತು ಹೇಗಿದೆ ನಿನಗೆ ಅಂತ ಕೇಳಿದ್ದು ನನಗೆ ನೆನಪಿಲ್ಲ. ಸಕ್ಕರೆ ಎಷ್ಟಿದೆ ಅಂತ ಕೇಳುತ್ತಿದ್ದೆವು, ಅಷ್ಟೇ. ಅದು ನನಗೆ ಈಗ ಬಹಳ ಬೇಸರ ತರುತ್ತದೆ. ನೀನು ಟೆಸ್ಟ್ ಬೇಡ ಅನ್ನುವಾಗ ನಿನಗೆ ಕಾಣುತ್ತಿರುವುದು ಆ ಪಂಕ್ತಿಯೇ ಇರಬಹುದು. ತಪ್ಪು ತಿಳಿದಿದ್ದರೆ ಕ್ಷಮಿಸು. ಸರಿಯಿದ್ದರೆ, ನಿನ್ನ ರಿಪೋರ್ಟ್ ಯಾರಿಗೂ ತೋರಿಸಬೇಕಿಲ್ಲ. ನಿನ್ನ ಗಂಡ, ನಿನ್ನ ಡಾಕ್ಟರು ಸಾಕು. ನಾನೂ ಬೇಕಿಲ್ಲ.

ಇನ್ನು 6.2 ನಿಜವೇ ಆಯಿತು ಅಂತ ಇಟ್ಟುಕೋ. ಆಗಲೂ ಅದು ಗೆರೆ ಎಳೆದ ಹಣೆಬರಹವಲ್ಲ. ಅಮೆರಿಕದಲ್ಲಿ ಬಾರ್ಡರ್‌ನವರನ್ನು ಮೂರು ಸಾವಿರಕ್ಕೂ ಹೆಚ್ಚು ಜನ ಸೇರಿಸಿ ಒಂದು ಅಧ್ಯಯನ ಮಾಡಿದರು, 2002ರಲ್ಲಿ ಅದರ ಫಲಿತಾಂಶ ಬಂತು. ತೂಕ 100ಕ್ಕೆ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಕಾಯಿಲೆಗೆ ತಿರುಗುವುದು 58 ಪ್ರತಿಶತ ಕಡಿಮೆಯಾಯಿತು. ನಮ್ಮ ಚೆನ್ನೈಯಲ್ಲೂ ಅಂಥದ್ದೇ ಮಾಡಿದರು, 2006ರಲ್ಲಿ ಪ್ರಕಟವಾಯಿತು, ಇಲ್ಲಿ ಕಡಿಮೆಯಾದದ್ದು 28 ಪ್ರತಿಶತ ಚಿಲ್ಲರೆ. ನಮ್ಮವರಿಗೆ ಲಾಭ ಕಮ್ಮಿಯೇ ಸಿಕ್ಕಿತು, ಮುಚ್ಚಿಟ್ಟು ಹೇಳುವುದು ಯಾಕೆ. ಕಮ್ಮಿ ಅಂದರೂ ಅಷ್ಟು ಜನ ತಪ್ಪಿಸಿಕೊಂಡರಲ್ಲ, ಇಲ್ಲವೇ ಮುಂದಕ್ಕೆ ಹಾಕಿದರಲ್ಲ. ನೀನು ತೆಳ್ಳಗಿದ್ದೀಯ ಅಂತ ತಕ್ಕಡಿ ಹೇಳಿದರೆ ಪೂರ್ತಿ ನಂಬಬೇಡ, ಟೇಪು ಹಿಡಿದು ಸೊಂಟ ಅಳತೆ ಮಾಡು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ನಡಿಗೆಯನ್ನು ಮಾತ್ರ ಈಗಲೇ ಜೋರು ಮಾಡಬೇಡ. 9.4ರಲ್ಲಿ ಬೆಟ್ಟ ಹತ್ತಿದರೆ ಎದೆ ಡಬಡಬ ಅನ್ನುತ್ತದೆ, ಆಮೇಲೆ ಅದಕ್ಕೂ ಹೆದರುತ್ತೀಯ.

ಏನು ಮಾಡಬೇಕು ಅಂತ ನಾನು ಹೇಳುವುದು ಅಧಿಕಪ್ರಸಂಗ, ನಾನು ಡಾಕ್ಟರಲ್ಲ. ಆದರೂ ಡಾಕ್ಟರ ಹತ್ತಿರ ಹೋದಾಗ ಇಷ್ಟು ಕೇಳು. ಫೆರಿಟಿನ್ ನೋಡಿಸಬೇಕೇ ಅಂತ ಕೇಳು. ದೇಹದ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ, 15ರ ಕೆಳಗಿದ್ದರೆ ದಾಸ್ತಾನು ಖಾಲಿ. ಜ್ವರ, ಸೋಂಕು ಇದ್ದಾಗ ಮಾಡಿಸಬೇಡ, ಸುಳ್ಳೇ ಮೇಲೆ ತೋರಿಸುತ್ತದೆ. ನಮ್ಮದು ಮೊಟ್ಟೆ ಮಾಂಸ ಇಲ್ಲದ ಮನೆ, ವಿಟಮಿನ್ ಬಿ12 ಕೂಡ ನೋಡಿಸಿದರೆ ನಷ್ಟವಿಲ್ಲ. ಸಕ್ಕರೆಗೆ, ಎಚ್‌ಬಿಎ1ಸಿ ಬದಲು ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ ಆಗಬಹುದೇ ಅಂತ ಕೇಳು. ಎಂಟು ಗಂಟೆಗೆ ಕಡಿಮೆಯಿಲ್ಲದೆ ಖಾಲಿ ಹೊಟ್ಟೆಯಲ್ಲಿ ಹೋಗಿ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಸುಮ್ಮನೆ ಕೂರಬೇಕು. ವಾಕರಿಕೆ ಬರುವಷ್ಟು ಸಿಹಿ, ಪುಸ್ತಕ ತೆಗೆದುಕೊಂಡು ಹೋಗು. 140ರ ಕೆಳಗೆ ಬಂದರೆ ಸರಿ, 200 ಮುಟ್ಟಿದರೆ ಕಾಯಿಲೆ, ನಡುವೆ ಬಂದರೆ ಬಾರ್ಡರ್. ರಕ್ತ ತೆಗೆದ ತಕ್ಷಣ ಬೂದು ಮುಚ್ಚಳದ ಟ್ಯೂಬಿಗೆ ಹಾಕಿದರೇ ಅಂತ ಕಣ್ಣಿಟ್ಟಿರು. ಬೇರೆ ಟ್ಯೂಬಿನಲ್ಲಿ ಹಾಕಿ ಮಧ್ಯಾಹ್ನದವರೆಗೆ ಇಟ್ಟರೆ ರಕ್ತಕಣಗಳೇ ಒಂದಷ್ಟು ಸಕ್ಕರೆ ತಿಂದುಬಿಡುತ್ತವೆ. ಹಾಗೆ ಬಂದ ಒಳ್ಳೆಯ ನಂಬರ್‌ಗೆ ಬೆಲೆಯಿಲ್ಲ.

ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಕೆಲವು ತಿಂಗಳು ಎಚ್‌ಬಿಎ1ಸಿ ಮಾಡಿಸಿ ಹಿಗ್ಗಬೇಡ, ಕುಗ್ಗಲೂಬೇಡ. ಹೊಸ ಕಣಗಳು ದಂಡಿಯಾಗಿ ಬರುವಾಗ ಅದು ಇಳಿದಂತೆ ಕಾಣುತ್ತದೆ. ಹಿಮೋಗ್ಲೋಬಿನ್ ನೆಟ್ಟಗಾಗಿ ಮೂರು ತಿಂಗಳಾದ ಮೇಲೆ ಬರುವುದೇ ನಿನ್ನ ನಿಜವಾದ ನಂಬರ್. ಮಾತ್ರೆ ತಿಂದರೂ ರಕ್ತ ಏರದಿದ್ದರೆ ಬಿಡಬೇಡ, ಹುಟ್ಟಿನಿಂದಲೇ ಕಣ ಚಿಕ್ಕದಿರುವ ಥಲಸ್ಸೀಮಿಯದ ಲಕ್ಷಣ ಇದೆಯೇ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಅಂತ ಅವರೇ ನೋಡುತ್ತಾರೆ.

ಅತ್ತೆ ಬೀಟ್‌ರೂಟ್ ಹೇಳುತ್ತಾಳೆ. ಬೀಟ್‌ರೂಟ್ ಕೆಂಪಗಿದೆ, ಅಷ್ಟೇ. ಖರ್ಜೂರ, ಬೆಲ್ಲ ತಿನ್ನು ಅಂತ ಒಬ್ಬರು, ಸಕ್ಕರೆ ಬಾರ್ಡರ್‌ನಲ್ಲಿದೆ ಬೇಡ ಅಂತ ಇನ್ನೊಬ್ಬರು. ಎರಡನ್ನೂ ಕೇಳಿ ಸುಮ್ಮನಿರು, 9.4ನ್ನು ಬೆಲ್ಲ ಮೇಲೆತ್ತುವುದಿಲ್ಲ. ರಾಗಿ ಒಳ್ಳೆಯದೇ, ಸುಣ್ಣದ ಅಂಶ ಧಾರಾಳವಾಗಿದೆ, ಕಬ್ಬಿಣ ಮಾತ್ರ ಜನ ತಿಳಿದಷ್ಟಿಲ್ಲ. ಸೊಪ್ಪು, ಕಾಳಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ ಕುಡಿಯುವ ನಮ್ಮ ಮನೆತನದ ಚಾಳಿ ಅದನ್ನು ತಡೆಯುತ್ತದೆ. ಒಂದು ಗಂಟೆಯಾದರೂ ಬಿಡು. ಇದು ನಿನಗೆ ಕಷ್ಟ ಅಂತ ಗೊತ್ತು, ನನಗೂ ಆಗಿಲ್ಲ.

ದಪ್ಪ ಅಕ್ಷರದ ಬಗ್ಗೆ ಒಂದು ಮಾತು, ನಿನ್ನ ರಿಪೋರ್ಟಿನಲ್ಲಿ ಇನ್ನೂ ಎರಡು ಮೂರು ಕಡೆ ಅದಿದೆ. 'ನಾರ್ಮಲ್' ಅಂತ ಪಕ್ಕದಲ್ಲಿ ಬರೆದಿರುತ್ತಾರಲ್ಲ, ಅದನ್ನು ಗುರುತಿಸುವಾಗ ಸಾಮಾನ್ಯವಾಗಿ ಆರೋಗ್ಯವಂತರಲ್ಲೇ 100ಕ್ಕೆ 95 ಮಂದಿ ಎಲ್ಲಿ ಬರುತ್ತಾರೋ ಅದನ್ನು ತೆಗೆದುಕೊಳ್ಳುತ್ತಾರೆ. ಉಳಿದ ಐದು ಮಂದಿ ಗಟ್ಟಿಮುಟ್ಟಾಗಿದ್ದೂ ಹೊರಗೆ ಬೀಳುತ್ತಾರೆ. ಈಗಿನ ಪ್ಯಾಕೇಜುಗಳಲ್ಲಿ ಅರವತ್ತು ಎಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡಿ ಕೈಗೆ ಕೊಡುತ್ತಾರೆ, ಯಾರದ್ದೇ ಆಗಲಿ ಒಂದೆರಡು ದಪ್ಪ ಅಕ್ಷರದಲ್ಲಿ ಬಂದೇ ಬರುತ್ತವೆ. ಅರ್ಧ ಪಾಯಿಂಟು ಆಚೀಚೆ ಆದದ್ದಕ್ಕೆಲ್ಲ ರಾತ್ರಿ ಫೋನ್ ಹಿಡಿದು ಹುಡುಕಬೇಡ. 9.4 ಆ ಜಾತಿಯದಲ್ಲ.

ಬಾಯಾರಿಕೆ ವಿಪರೀತವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರ ಅಪಾಯಿಂಟ್‌ಮೆಂಟ್ ದೂರ ಇದೆ ಅಂತ ಕಾಯಬೇಡ. ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ತಿರುಗಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗು.

ನೀನು ಹೋಗುತ್ತೀಯೋ ಇಲ್ಲವೋ ನನಗೆ ಇಲ್ಲಿಂದ ತಿಳಿಯುವುದಿಲ್ಲ. ಸೋದರಮಾವ ಅಂದಮೇಲೆ ಹಟ ಮಾಡುವ ಹಕ್ಕಿದೆ, ಮುಂದಿನ ಶನಿವಾರ ರಾತ್ರಿ ಶಿವಮೊಗ್ಗದ ರೈಲು ಹತ್ತಿಬಿಡಲೇ ಅಂತಲೂ ಯೋಚಿಸಿದೆ. ಕೂರಿಸಿ ಕರೆದುಕೊಂಡು ಹೋಗಲು ನೀನೇನು ಮಗುವೇ ಅಂತ ಅತ್ತೆ ತಡೆದಳು. ಒಬ್ಬಳೇ ಹೋಗಲು ಹೆದರಿಕೆಯಾದರೆ ಹೇಳು, ಬರುತ್ತೇನೆ. ಆ ಎರಡು ಗಂಟೆ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ, ನಂಬರ್ ಕೇಳುವುದಿಲ್ಲ.

ನಿನ್ನ ಯಜಮಾನರಿಗೆ ಆಶೀರ್ವಾದ ತಿಳಿಸು. ಮಗನಿಗೆ ಮುದ್ದು.

ಇಂತಿ ನಿನ್ನ ಮಾವ

ತಾ.ಕ.: ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಅದು ಮಾತ್ರೆಯ ಬಣ್ಣ. ಹೊಟ್ಟೆ ಕಟ್ಟಿದರೆ ಬಿಟ್ಟುಬಿಡಬೇಡ, ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ ಅಥವಾ ದಿನ ಬಿಟ್ಟು ದಿನ ಅನ್ನುತ್ತಾರೆ. ರಕ್ತ ಸರಿಹೋಯಿತು ಅಂತ ಅವತ್ತೇ ನಿಲ್ಲಿಸಲೂಬೇಡ, ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಮಾತ್ರೆಯ ಡಬ್ಬಿ ಹುಡುಗನ ಕೈಗೆ ಸಿಗದಷ್ಟು ಮೇಲಿಡು, ಮಕ್ಕಳಿಗೆ ಅದು ವಿಷ.